ನೋಡುವ ಎಂದ ಯಜಮಾನರು

ಬೆಳ್ತಂಗಡಿ ಪೇಟೆ ಕಳೆದು ಲಾಯಿಲ ಮುಟ್ಟುವಷ್ಟರಲ್ಲಿ ರಸ್ತೆಯ ಬದಿಗೆ ಆ ಫ್ಲೆಕ್ಸ್ ಕಾಣಿಸಿತು. ನನ್ನ ಸೋದರಮಾವ ಅದರಲ್ಲಿ ಜರಿ ಶಾಲು ಹೊದ್ದು, ತಲೆ ಬಾಚಿಕೊಂಡು, ಹಲ್ಲು ಕಾಣದಂತೆ ನಗುತ್ತಿದ್ದರು. ಶಾಲು ಯಾರದ್ದೋ. ಯಾವುದೋ ಮದುವೆಯ ಫೋಟೋದಿಂದ ಮುಖ ಮಾತ್ರ ಕತ್ತರಿಸಿ ಬೇರೆ ಮೈಗೆ ಅಂಟಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಕೃತಿ ಪ್ರೇಮಿ, ಕುಟುಂಬದ ಆಲದ ಮರ’ ಎಂದಿತ್ತು. ಮೂಡುಬಿದಿರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದವಳಿಗೆ ಅದನ್ನು ನೋಡಿದ್ದೇ ಪಿತ್ತ ನೆತ್ತಿಗೇರಿತು. ಪ್ರಕೃತಿ ಎಂಬ ಶಬ್ದವನ್ನು ಆ ಮನುಷ್ಯನ ಬಾಯಲ್ಲಿ ನಾನು ಒಮ್ಮೆಯೂ ಕೇಳಿದ್ದಿಲ್ಲ. ಹೊಳೆ, ಪದವು, ಗದ್ದೆ, ಕಾಡು ಎಂದು ಒಂದೊಂದಕ್ಕೂ ಅದರದರ ಹೆಸರು ಹಿಡಿದು ಮಾತಾಡುತ್ತಿದ್ದರು, ಬೈಯುವಾಗಲೂ ಹಾಗೆಯೇ.

ನಮ್ಮ ಕಡೆ ಸತ್ತವರ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಈಗೀಗ ಬೊಜ್ಜದ ದಿನ ಊಟಕ್ಕೆ ಮೊದಲು ಮೈಕು ಹಿಡಿದು ನುಡಿನಮನ ಸಲ್ಲಿಸುವುದೂ ಒಂದು ಕ್ರಮವಾಗಿಬಿಟ್ಟಿದೆ. ನಾನು ಮುಂಡಾಜೆಯ ಮನೆಯ ಅಂಗಳಕ್ಕೆ ಕಾಲಿಡುವಾಗ ಬಂಟ್ವಾಳದಲ್ಲಿ ಹೋಟೆಲು ನಡೆಸುವ ನಮ್ಮ ಚಿಕ್ಕಪ್ಪನ ಸರದಿ. ಅಪ್ಪನ ತಮ್ಮ ಅವರು, ಮಾತಿಗೆ ನಿಂತರೆ ಕೂರುವವರಲ್ಲ. ಯಜಮಾನರು ಪುಣ್ಯವಂತರು, ಹೊಳೆಯ ನೀರು ಕುಡಿದು ಬೆಳೆದವರನ್ನು ಹೊಳೆಯೇ ಕರೆದುಕೊಂಡಿತು, ಕೊನೆಯ ಉಸಿರಿನವರೆಗೂ ಮೈಗೆ ಒಂದು ಸೂಜಿ ಸೋಕಿಸಿಕೊಳ್ಳದೆ ಹೋದರು ಎಂದು ಗದ್ಗದಿತರಾಗಿ ಹೇಳುತ್ತಿದ್ದರು. ಚಪ್ಪರದಲ್ಲಿ ಕುಳಿತವರು ತಲೆಯಾಡಿಸುತ್ತಿದ್ದರು. ಆ ಮೈಗೆ ಮೊದಲ ಸೂಜಿ ಚುಚ್ಚಿದವಳು ನಾನು. ಆಮೇಲೆ ಮಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟು ಚುಚ್ಚಿದರೋ ಲೆಕ್ಕವಿಲ್ಲ. ಆ ಚಪ್ಪರದಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ, ಚಿಕ್ಕಪ್ಪನೂ ಸೇರಿ.

ಅವರು ಯಾರು ಎಂದು ಫ್ಲೆಕ್ಸಿನವರು ಹೇಳಲಿಲ್ಲ, ಮೈಕಿನವರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಇಳಿದು ಬರುವುದು. ಯಜಮಾನಿಕೆ ಮಾತ್ರ ಆ ಹೆಂಗಸರ ಅಣ್ಣತಮ್ಮಂದಿರದ್ದು, ಅವರ ನಂತರ ಅಳಿಯನದ್ದು. ಹಾಗಾಗಿ ಕಾಗದದಲ್ಲಿ ಮನೆ ನಮ್ಮ ಅಮ್ಮನದು, ಮಾತಿನಲ್ಲಿ ಅಮ್ಮನ ಅಣ್ಣನದು. ಅವರ ಹೆಂಡತಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಅಪ್ಪನೂ ಬೇಗ ಹೋದರು. ಅಣ್ಣ ಮತ್ತು ನಾನು ಮಾಮನ ಕೈಯಲ್ಲೇ ಬೆಳೆದವರು. ಊರಿಗೆಲ್ಲ ಅವರು ಯಜಮಾನರು. ಎತ್ತರದ ಆಳು, ಒಣಕಲು ಮೈ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಮುಂಡು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಚಪ್ಪಲಿ ಹಾಕುತ್ತಿದ್ದದ್ದು ಬ್ಯಾಂಕಿಗೆ ಮತ್ತು ಮದುವೆಗೆ ಮಾತ್ರ.

ಅವರ ಬಾಯಲ್ಲಿ ಸದಾ ಇದ್ದ ಮಾತು ‘ನೋಡುವ’. ಮನೆಯಲ್ಲಿ ನಾವಾಡುವುದು ತುಳು, ತುಳುವಿನಲ್ಲಿ ಅವರು ‘ತೂಕ’ ಎನ್ನುತ್ತಿದ್ದರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೇರೆಯವರ ವಿಷಯದಲ್ಲಿ ನೋಡುವ ಎಂದರೆ ಕೆಲಸ ಆಯಿತೆಂದೇ ಲೆಕ್ಕ. ಪಿಯುಸಿ ಮುಗಿಸಿ, ಮದುವೆ ಈಗ ಬೇಡ, ಮೂಡುಬಿದಿರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತೇನೆ ಎಂದು ನಾನು ಹೇಳಿದಾಗಲೂ ನೋಡುವ ಎಂದರು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದರು, ಹೊರಡು, ಕಾಲೇಜು ನೋಡಿ ಬರುವ ಎಂದರು. ಅದೇ ಮಾತು ಅವರ ಸ್ವಂತ ವಿಷಯಕ್ಕೆ ಬಂದರೆ ಅದರ ಅರ್ಥ ಇಲ್ಲ ಎಂದು. ಹಲ್ಲು ತೋರಿಸಿ ಬರುವ ಎಂದರೆ ನೋಡುವ. ಕಣ್ಣಿನ ಪೊರೆ ತೆಗೆಸುವ ಎಂದರೆ ನೋಡುವ. ನಮ್ಮ ಮನೆಯಲ್ಲಿ ಯಜಮಾನರಿಗೆ ಎರಡನೇ ಸಲ ಹೇಳುವ ಕ್ರಮವಿಲ್ಲ. ಒಮ್ಮೆ ಕೇಳಬೇಕು, ಅವರು ಹೂಂ ಎನ್ನುವವರೆಗೆ ಕಾಯಬೇಕು. ಇದಕ್ಕೆ ಮರ್ಯಾದೆ ಎಂದು ಹೆಸರು. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಈಗ ಬರೆಯಲು ನನಗೆ ಏನೂ ಅಂಜಿಕೆಯಿಲ್ಲ.

ಹೊಳೆಯಲ್ಲಿ ಅವರನ್ನು ನೋಡಬೇಕಿತ್ತು. ಬೀಸುಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈಗೆ ಹಾಕಿಕೊಂಡು, ಸೊಂಟ ತಿರುಗಿಸಿ ಬೀಸಿದರೆ ಬಲೆ ನೀರಿನ ಮೇಲೆ ದುಂಡಗೆ ಹರಡಿಕೊಳ್ಳುತ್ತಿತ್ತು. ಹಾಗೆ ಕಚ್ಚಿ ಕಚ್ಚಿ ಮುಂದಿನ ಒಂದು ಹಲ್ಲು ಸವೆದು ಓರೆಯಾಗಿತ್ತು. ನಕ್ಕರೆ ಮೊದಲು ಕಾಣುತ್ತಿದ್ದದ್ದೇ ಅದು, ಫ್ಲೆಕ್ಸಿನವರು ಮುಚ್ಚಿದ್ದೂ ಅದನ್ನೇ. ಹೊಳೆಯಲ್ಲಿ ಮಾತಾಡಬಾರದು. ಮಾತಾಡಿದವರಿಗೆ ಮನೆಗೆ ಬಂದ ಮೇಲೆ ಮಂಗಳಾರತಿ. ಒಂದು ಬೇಸಿಗೆಯಲ್ಲಿ ಮೇಲಿನ ಮನೆಯ ಹುಡುಗರು ಹೊಳೆಯಲ್ಲಿ ನಾವು ಮೀನು ಹಿಡಿಯುವ ಗುಂಡಿಗೆ ತೋಟೆ ಹಾಕಿದರು. ತೋಟೆ ಎಂದರೆ ಕಲ್ಲು ಒಡೆಯುವ ಸಿಡಿಮದ್ದು. ಅದು ನೀರಿನಲ್ಲಿ ಸಿಡಿದರೆ ಗುಂಡಿಯಲ್ಲಿ ಇದ್ದಬದ್ದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ಹುಡುಗರು ದೊಡ್ಡವನ್ನು ಹೆಕ್ಕಿಕೊಂಡು ಹೋಗಿದ್ದರು. ಮಾಮ ಸಂಜೆಯವರೆಗೆ ನೀರಿನಲ್ಲಿ ನಿಂತು, ತೇಲುತ್ತಿದ್ದ ಮರಿಗಳನ್ನು ಮುಟ್ಟಾಳೆಯಲ್ಲಿ ಬಾಚಿ ತುಂಬಿಸಿ, ಆ ಮನೆಗೆ ಹೋಗಿ ಜಗಲಿಯ ಮೇಲೆ ಸುರುವಿ ವಾಪಸು ಬಂದರು. ಆ ಮನೆಯ ಹೆಂಗಸರು ಎರಡು ದಿನ ನಮ್ಮ ಬಾವಿಕಟ್ಟೆಯ ಕಡೆ ಮುಖ ಹಾಕಲಿಲ್ಲ. ಗುಂಡಿಗೆ ಮತ್ತೆ ಯಾರೂ ತೋಟೆ ಹಾಕಲಿಲ್ಲ.

ಮೊದಲ ಗುಡುಗಿನ ಮರುದಿನ ಪದವಿನ ಕಡೆ ಹೋಗಿ ಕಲ್ಲಣಬೆ ಹುಡುಕುವುದು ಅವರ ಇನ್ನೊಂದು ಹುಚ್ಚು. ಪದವು ಎಂದರೆ ಮುರಕಲ್ಲಿನ ಬಯಲು, ಅಲ್ಲಿ ಮಣ್ಣಿನಡಿ ಗೋಲಿಯಷ್ಟು ದೊಡ್ಡ ಅಣಬೆ ಅಡಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲಿನ ಹೆಬ್ಬೆರಳಿನಿಂದ ಒತ್ತಿ ಕಂಡುಹಿಡಿಯಬೇಕು. ಅಣ್ಣನಿಗೆ ಅದು ಕೊನೆಗೂ ಒಲಿಯಲಿಲ್ಲ, ನನಗೆ ಬೇಗ ಒಲಿಯಿತು. ಇವಳ ಕಾಲಿಗೆ ಕಣ್ಣುಂಟು ಎಂದು ಮಾಮ ಊರೆಲ್ಲ ಹೇಳಿಕೊಂಡು ಬಂದಿದ್ದರು. ಮೊದಲು ಸಿಕ್ಕಿದ್ದನ್ನು ಕೀಳಬಾರದು, ಅದು ಮುಂದಿನ ವರ್ಷಕ್ಕೆ ಎಂಬುದು ಅವರ ಕಟ್ಟಳೆ. ನಾನು ದೊಡ್ಡವಳಾದ ವರ್ಷ, ಗುಡುಗಿದ ಮರುದಿನ ಬುಟ್ಟಿ ಹಿಡಿದು ಹೊರಟಾಗ, ಇನ್ನು ನೀನು ಬರುವುದು ಬೇಡ ಎಂದರು. ಯಾಕೆ ಎಂದು ಕೇಳಿದೆ. ಅಣ್ಣನನ್ನು ಕರೆದುಕೊಂಡು ಹೋದರು. ಸಂಜೆ ಇಬ್ಬರೂ ಬುಟ್ಟಿಯ ತಳ ಮುಚ್ಚುವಷ್ಟೂ ಇಲ್ಲದೆ ಬಂದದ್ದನ್ನು ನೋಡಿ ನನಗಾದ ಸಂತೋಷ ಇನ್ನೂ ಇಳಿದಿಲ್ಲ. ಆ ಸಿಟ್ಟೂ ಇಳಿದಿಲ್ಲ.

ಅವರ ಕೋವಿಯ ಬಗ್ಗೆಯೂ ಚಿಕ್ಕಪ್ಪ ಮೈಕಿನಲ್ಲಿ ಹೇಳಿದರು. ಪ್ರಾಣಿಗಳ ಮೇಲೆ ಕರುಣೆ ಹುಟ್ಟಿ ಬೇಟೆ ಬಿಟ್ಟರಂತೆ. ನಡೆದದ್ದು ಹೀಗೆ: ಒಂದು ಚುನಾವಣೆಗೆ ಎಲ್ಲರ ಹಾಗೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬಂದವರು ಚುನಾವಣೆ ಮುಗಿದ ಮೇಲೆ ತರಲು ಹೋಗಲಿಲ್ಲ. ಹಂದಿ ಗದ್ದೆ ಹಾಳು ಮಾಡುತ್ತದೆ, ಕೋವಿ ತನ್ನಿ ಎಂದು ಅಮ್ಮ ಹೇಳಿದಾಗ ಅವರು ಹೇಳಿದ್ದು, ಕಣ್ಣು ಮಂಜಾಗಿದೆ, ಹಂದಿ ಎಂದುಕೊಂಡು ಯಾರಿಗಾದರೂ ಹೊಡೆದರೆ ಎಂದು. ಅಷ್ಟೇ. ಕರುಣೆಗಿಂತ ನನಗೆ ಈ ಮಾತು ದೊಡ್ಡದು. ಆದರೆ ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಂಡು ಕೋವಿ ಬಿಟ್ಟ ಮನುಷ್ಯ ಆ ಕಣ್ಣನ್ನು ಡಾಕ್ಟರಿಗೆ ತೋರಿಸಲು ಹೋಗಲಿಲ್ಲ. ಅಲ್ಲಿಯೂ ನೋಡುವ.

ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದಾಗ ಒಂದು ದಿನ ಹೇಳದೆ ಕೇಳದೆ ಬಂದರು. ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ, ಬೆನ್ನಿಗೆ ಚೀಲ ಹಾಕಿಕೊಂಡ ಕಾಲೇಜು ಹುಡುಗ ಹುಡುಗಿಯರ ಮಧ್ಯೆ, ಮುಟ್ಟಾಳೆ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಕೈಯಲ್ಲಿ ಬಾಳೆಲೆಯ ಕಟ್ಟು, ಅದರೊಳಗೆ ಗದ್ದೆಯ ಏಡಿಯ ಸುಕ್ಕ. ಹಾಸ್ಟೆಲಿನಲ್ಲಿ ಮೀನು ಮಾಂಸ ತರುವಂತಿರಲಿಲ್ಲ. ಬಸದಿಯ ಹತ್ತಿರ ಅಂತೂ ತಿನ್ನುವ ಮಾತೇ ಇಲ್ಲ. ಕಡೆಗೆ ಊರಾಚೆ ಒಂದು ಕೆರೆಯ ದಂಡೆಯಲ್ಲಿ ಕೂತು ಇಬ್ಬರೂ ಅದನ್ನು ಮುಗಿಸಿದೆವು. ಚೆನ್ನಾಗುಂಟಾ ಎಂದು ಕೇಳಲಿಲ್ಲ. ಏಡಿಯ ದೊಡ್ಡ ಕಾಲುಗಳನ್ನೆಲ್ಲ ಕಲ್ಲಿನಿಂದ ಜಜ್ಜಿ ನನ್ನ ಕಡೆಗೆ ಸರಿಸುತ್ತಿದ್ದರು. ಅಷ್ಟು ದೂರ ಬಂದಿದ್ದೀರಿ, ಬಸದಿ ನೋಡುವನಾ ಮಾಮ ಎಂದು ಕರೆದುಕೊಂಡು ಹೋದೆ. ಕಂಬಗಳನ್ನು ಒಂದೊಂದಾಗಿ ಕೈಯಿಂದ ತಟ್ಟಿ ನೋಡಿ, ಇಷ್ಟು ಕಲ್ಲು ಹೊತ್ತವರ ಬೆನ್ನು ಏನಾಗಿರಬೇಡ ಮಾರಾಯ್ತಿ ಎಂದರು. ಆ ಸಂಜೆಯ ಬಸ್ಸಿಗೆ ಹೋದರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಗದ್ದೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿಗೆ ಹುಲ್ಲು ಕೊಯ್ಯುವಾಗ ಕನ್ನಡಿ ಹಾವು, ಎಂದರೆ ಕೊಳಕುಮಂಡಲ, ಕಚ್ಚಿತು. ಅವಳ ಮನೆಯವರು ಬೇರು ತೇಯ್ದು ಹಚ್ಚುವವರನ್ನು ಕರೆಸಿ ಸುತ್ತ ಕೂತಿದ್ದರು. ಮಾಮನಿಗೆ ಸುದ್ದಿ ಮುಟ್ಟಿದ್ದೇ ಹೊಳೆಯಿಂದ ಒದ್ದೆ ಮುಂಡಿನಲ್ಲೇ ಓಡಿದರು. ಅವಳನ್ನು ಎತ್ತಿ ಜೀಪಿಗೆ ಹಾಕುವಾಗ ಗಂಡ ಅಡ್ಡ ಬಂದು, ನಾಡಿದ್ದಿನವರೆಗೆ ನೋಡುವ ಯಜಮಾನ್ರೇ ಎಂದ. ಮಾಮ ಅವನ ಕಪಾಳಕ್ಕೆ ಒಂದು ಬಿಟ್ಟರು.

‘ನಾಡಿದ್ದು ನೋಡ್ಲಿಕ್ಕೆ ಇವಳು ಇರುವುದಿಲ್ಲ,’ ಎಂದರಂತೆ. ‘ವಿಷಕ್ಕೆ ನಿನ್ನ ಮರ್ಯಾದೆ ಗೊತ್ತಿಲ್ಲ. ಹತ್ತು ಗಾಡಿ.’

ಆ ಹೆಂಗಸು ಬದುಕಿದಳು. ಬೊಜ್ಜದ ದಿನ ಪಾತ್ರೆ ತೊಳೆಯಲು ಬಂದವರಲ್ಲಿ ಅವಳೂ ಇದ್ದಳು. ಹಾಗಾಗಿ ಮಾಮನಿಗೆ ತಿಳಿವಳಿಕೆ ಇರಲಿಲ್ಲ, ಹಳೆ ಕಾಲದ ಮನುಷ್ಯ ಎಂದು ಯಾರೂ ನನಗೆ ಸಮಾಧಾನ ಹೇಳುವುದು ಬೇಡ. ಎಲ್ಲ ತಿಳಿದಿತ್ತು. ಆ ತಿಳಿವಳಿಕೆ ಊರಿಗೆಲ್ಲ ಉಪಯೋಗಕ್ಕೆ ಬಂತು, ಅವರೊಬ್ಬರನ್ನು ಬಿಟ್ಟು.

ನಾನು ಕೆಲಸ ಮಾಡುವುದು ಮೂಡುಬಿದಿರೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಇಲಿ ಜ್ವರದ ರಿಪೋರ್ಟು ಬರಲು ಶುರುವಾಗುತ್ತದೆ. ಇಲಿಯ ಮೂತ್ರ ಗದ್ದೆಯ ನೀರಿಗೆ ಸೇರಿ, ಕಾಲಿನ ಗಾಯದಲ್ಲಿ ಮೈಯೊಳಗೆ ಹೋಗುವ ರೋಗ. ಬೇಗ ಹಿಡಿದರೆ ಸುಲಭದ ಔಷಧ ಉಂಟು. ತಡವಾದರೆ ಕಿಡ್ನಿ, ಲಿವರ್ ಎರಡನ್ನೂ ತಿಂದುಹಾಕುತ್ತದೆ. ಪ್ರತಿ ವರ್ಷ ಮನೆಗೆ ಹೋದಾಗ ಇದನ್ನೇ ಹೇಳಿ ಹೇಳಿ ನನಗೆ ಮನೆಯಲ್ಲಿ ಇಲಿ ಟೀಚರ್ ಎಂದು ಹೆಸರು ಬಿದ್ದಿತ್ತು, ಇಟ್ಟವರು ಮಾಮನೇ. ಒಂದು ವರ್ಷ ಬೆಳ್ತಂಗಡಿಯಿಂದ ಉದ್ದದ ರಬ್ಬರ್ ಬೂಟು ತಂದುಕೊಟ್ಟೆ. ಕಾಲಿಗೆ ಮಣ್ಣು ತಾಗದಿದ್ದರೆ ಗದ್ದೆ ಏನು ಹೇಳುತ್ತದೆಂದು ಗೊತ್ತಾಗುವುದಿಲ್ಲ ಎಂದು ಹೇಳಿ ಕೊಟ್ಟಿಗೆಯಲ್ಲಿ ತೂಗುಹಾಕಿದರು. ಮುಂದಿನ ಸಲ ಬಂದಾಗ ಒಂದು ಬೂಟಿನಲ್ಲಿ ಹೇಂಟೆ ಮೊಟ್ಟೆ ಇಟ್ಟಿತ್ತು. ನೀನು ತಂದದ್ದು ದಂಡವಾಗಲಿಲ್ಲ ನೋಡು ಎಂದು ಓರೆ ಹಲ್ಲು ಬಿಟ್ಟು ನಕ್ಕರು. ನಾನೂ ನಕ್ಕೆ. ನಗಿಸುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಈ ವರ್ಷ ನಾಟಿಯ ಸಮಯದಲ್ಲಿ ಒಂದು ಭಾನುವಾರ ಮನೆಗೆ ಹೋಗಿದ್ದೆ. ಮಾಮ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮೈ ಸುಡುತ್ತಿತ್ತು. ಮೀನಖಂಡ ಮುಟ್ಟಲು ಬಿಡಲಿಲ್ಲ, ಅಷ್ಟು ನೋವು. ಕಣ್ಣು ಕೆಂಪಗೆ. ಹಿಮ್ಮಡಿಯಲ್ಲಿ ಒಡಕು, ಅದರಲ್ಲಿ ಗದ್ದೆಯ ಕೆಸರು. ನನಗೆ ಬೇರೆ ಪರೀಕ್ಷೆಯೇ ಬೇಕಿರಲಿಲ್ಲ. ಆದರೂ, ಅವರನ್ನು ಒಪ್ಪಿಸಲು ಒಂದು ಕಾಗದ ಇರಲಿ ಎಂದು ಅಲ್ಲೇ ರಕ್ತ ತೆಗೆದುಕೊಂಡು ಲ್ಯಾಬಿಗೆ ಒಯ್ದೆ. ಮರುದಿನ ಬೆಳಿಗ್ಗೆ ಫೋನು ಮಾಡಿ, ಮಾಮ, ಅದೇ ಜ್ವರ, ಈಗಲೇ ಹೊರಡಿ ಎಂದೆ. ನಾಟಿ ಅರ್ಧ ಉಳಿದಿದೆ, ಹೆಂಗಸರು ಗದ್ದೆಗೆ ಇಳಿದಿದ್ದಾರೆ, ನೋಡುವ ಎಂದರು. ನಾನು ಕಿರುಚಿದೆ. ಯಜಮಾನರಿಗೆ ನಮ್ಮ ಮನೆಯಲ್ಲಿ ಯಾರೂ ಹಾಗೆ ಕಿರುಚಿದ್ದಿಲ್ಲ.

‘ಮೂಡುಬಿದಿರೆಯಿಂದ ಹೀಗೆ ಬೊಬ್ಬೆ ಹಾಕಿದ್ರೆ ಮುಂಡಾಜೆಗೆ ಹಾಗೇ ಕೇಳ್ತದೆ,’ ಎಂದರು. ‘ಫೋನ್ ಯಾಕೆ, ಇಡು.’

ಅಣ್ಣನಿಗೆ ಫೋನು ಮಾಡಿದೆ. ಅಂಗಳದಲ್ಲಿ ಅವನ ಕಾರು ನಿಂತಿತ್ತು. ಯಜಮಾನರು ಹೂಂ ಹೇಳದೆ ಹೇಗೆ ಎಂದ. ಅಮ್ಮನಿಗೆ ಮಾಡಿದೆ. ನಾನು ಒಮ್ಮೆ ಹೇಳಿದ್ದೇನೆ ಮಗಾ ಎಂದರು. ಚಿಕ್ಕಪ್ಪನಿಗೆ ಮಾಡಿದೆ. ಹಿರಿಯರು, ಅವರಿಗೆ ಗೊತ್ತಿರುತ್ತದೆ ಎಂದರು. ಲ್ಯಾಬಿಗೆ ರಜೆ ಹಾಕಿ ಮಂಗಳವಾರ ನಾನೇ ಹೋದೆ. ಅಷ್ಟರಲ್ಲಿ ಕಣ್ಣು ಹಳದಿಯಾಗಿ, ಮೂತ್ರ ನಿಂತು, ಮಾತು ತೊದಲುತ್ತಿತ್ತು. ಆಗ ಯಾರೂ ಅವರ ಹೂಂಗೆ ಕಾಯಲಿಲ್ಲ. ಹೂಂ ಹೇಳುವ ಸ್ಥಿತಿ ದಾಟಿದ ಮೇಲೆ ನಾಲ್ಕು ಜನ ಸೇರಿ ಎತ್ತಿ ಕಾರಿಗೆ ಹಾಕಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೊಟ್ಟರು, ಉಸಿರಿಗೆ ನಳಿಗೆ ಹಾಕಿದರು. ಬಲೆಯ ಅಂಚು ಕಚ್ಚುತ್ತಿದ್ದ ಹಲ್ಲುಗಳ ನಡುವೆ ಆ ನಳಿಗೆಯನ್ನು ಪ್ಲಾಸ್ಟರ್ ಹಚ್ಚಿ ನಿಲ್ಲಿಸಿದ್ದರು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಕಿತ್ತುಹಾಕುತ್ತಾರೆ ಎಂದು. ಅವರು ತೀರಿಕೊಂಡದ್ದು ಹಾಗೆ. ಹೊಳೆ ಕರೆದುಕೊಂಡಿತಂತೆ.

ಬೊಜ್ಜಕ್ಕೆ ವಾಪಸು ಬರುತ್ತೇನೆ. ಚಿಕ್ಕಪ್ಪನ ಮಾತು ನಡೆಯುತ್ತಿದ್ದಾಗ ಅಣ್ಣ ಎದುರಿನ ಕುರ್ಚಿಯಲ್ಲಿ ಬಿಳಿ ಶಾಲು ಹೊದ್ದು ಕೂತಿದ್ದ. ಇನ್ನು ಅವನೇ ಯಜಮಾನ. ಬೊಜ್ಜದ ಊಟಕ್ಕೆ ಹೊಸ ಯಜಮಾನ ಪಂಕ್ತಿಯ ನಡುವೆ ನಡೆದು ಪ್ರತಿಯೊಬ್ಬರ ಎಲೆಯ ಮುಂದೆ ನಿಂತು ವಿಚಾರಿಸಬೇಕು, ಕೊನೆಯ ಪಂಕ್ತಿ ಎದ್ದ ಮೇಲೆ ತಾನು ಉಣ್ಣಬೇಕು. ಅದು ಮುಗಿಯದೆ ಅಂಗಳ ದಾಟುವಂತಿಲ್ಲ. ಅವನ ಕಣ್ಣು ಕೆಂಪಾಗಿತ್ತು. ನನ್ನ ಪಕ್ಕದಲ್ಲಿದ್ದ ಹೆಂಗಸರು, ಅತ್ತು ಅತ್ತು ಹೇಗಾಗಿದ್ದಾನೆ ನೋಡಿ, ಮಾವನ ಮೇಲೆ ಎಂಥ ಪ್ರೀತಿ ಎಂದು ಮರುಗುತ್ತಿದ್ದರು. ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ. ಆಮೇಲೆ ಯಾರೋ ಹಿರಿಯರು ಬಂದರೆಂದು ಅವನು ಎದ್ದು ನಿಂತ. ನಿಲ್ಲುವಾಗ ಎರಡೂ ಕೈ ಮೀನಖಂಡಕ್ಕೆ ಹೋದವು, ಮುಖ ಕಿವುಚಿಕೊಂಡಿತು. ಕಣ್ಣಲ್ಲಿ ನೀರಿರಲಿಲ್ಲ. ಅತ್ತವರ ಕಣ್ಣು ಹಾಗಿರುವುದಿಲ್ಲ.

ಹೋಗಿ ಹಣೆ ಮುಟ್ಟಿದೆ. ಎಂದಿನಿಂದ ಎಂದು ಕೇಳಿದೆ. ಮೊನ್ನೆಯಿಂದ ಸ್ವಲ್ಪ ಉಂಟು ಎಂದ. ಮಾಮ ತೀರಿಕೊಂಡ ವಾರವೇ ಗದ್ದೆಯ ಕಟ್ಟಪುಣಿ, ಎಂದರೆ ಬದು, ಒಡೆದಿತ್ತಂತೆ. ನೆಂಟರೆಲ್ಲ ಯಜಮಾನರಿದ್ದರೆ ಇಷ್ಟು ಹೊತ್ತಿಗೆ ಕಟ್ಟಿ ಆಗುತ್ತಿತ್ತು ಎಂದು ಹೇಳಿದರಂತೆ. ಇವನು ಬರಿಗಾಲಿನಲ್ಲಿ ಇಳಿದು ಸಂಜೆಯವರೆಗೆ ಮಣ್ಣು ಹೊತ್ತನಂತೆ. ಬೂಟು ಕೊಟ್ಟಿಗೆಯಲ್ಲೇ ಇತ್ತು. ಈಗಲೇ ಹೊರಡು ಎಂದೆ. ಊಟ ಮುಗಿಯಲಿ, ಜನ ಏನು ಹೇಳುತ್ತಾರೆ ಎಂದ. ಆಮೇಲೆ ಆ ಮಾತು ಹೇಳಿದ. ಮಾಮನ ಸ್ವರದಲ್ಲೇ, ಅವರ ಹಾಗೇ ಗದ್ದ ಎತ್ತಿ ಹೇಳಿದ.

‘ನಾಳೆ ನೋಡುವ.’

ಆ ಮೇಲೆ ನಾನು ಮಾಡಿದ್ದಕ್ಕೆ ಕುಟುಂಬದಲ್ಲಿ ಅರ್ಧ ಜನ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಚಿಕ್ಕಪ್ಪನ ಕೈಯಿಂದ ಮೈಕು ಕಿತ್ತುಕೊಂಡೆ.

‘ಮಾಮನಿಗೆ ಸೂಜಿ ಚುಚ್ಚಿದ್ದು ನಾನು,’ ಎಂದೆ. ‘ರೋಗ ಇಂಥದ್ದೇ ಎಂದು ಸೋಮವಾರ ಬೆಳಿಗ್ಗೆ ಈ ಮನೆಗೆ ಗೊತ್ತಿತ್ತು. ಹೊಳೆ ಅವರನ್ನು ಕೊಂದದ್ದಲ್ಲ. ನೋಡುವ ಎಂದು ಅವರು ಕೂತರು, ಅವರು ಹೇಳಿದ್ರು ಎಂದು ನೀವೆಲ್ಲ ಕೂತಿರಿ. ಈಗ ಇವನಿಗೂ ಅದೇ ಜ್ವರ ಉಂಟು. ನೀವು ಅಳುವಿನ ಕಣ್ಣು ಎಂದು ಹೇಳ್ತಾ ಇದ್ದೀರಿ. ಇವನ ಬೊಜ್ಜಕ್ಕೂ ಇದೇ ಚಪ್ಪರ ಇಟ್ಟುಕೊಳ್ಳಿ.’

ಬೊಜ್ಜದ ಮನೆಯಲ್ಲಿ ಬದುಕಿದವನ ಬೊಜ್ಜದ ಮಾತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಚಿಕ್ಕಪ್ಪ ಇವಳಿಗೆ ತಲೆ ಕೆಟ್ಟಿದೆ ಎಂದರು. ಸತ್ತವರ ಆತ್ಮ ಇನ್ನೂ ಮನೆ ಬಿಟ್ಟು ಹೋಗಿಲ್ಲ, ಯಜಮಾನರಿಗೆ ಅವಮಾನ ಮಾಡುತ್ತಿದ್ದಾಳೆ ಎಂದು ಯಾರೋ ಹಿಂದಿನಿಂದ ಹೇಳಿದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ, ಏಳಲಿಲ್ಲ. ಅವನಿಗೆ ಹೆದರಿಕೆ ಇತ್ತು, ಅದು ನನಗೆ ಕಾಣುತ್ತಿತ್ತು. ಆದರೆ ಅಷ್ಟು ಜನರ ಎದುರು ತಂಗಿಯ ಮಾತಿಗೆ ಎದ್ದು ಹೋದರೆ ಯಜಮಾನ ಎಂಬ ಹೆಸರಿಗೆ ಅರ್ಥವೇನು ಎಂದು ಅವನು ಲೆಕ್ಕ ಹಾಕುತ್ತಿದ್ದದ್ದೂ ಕಾಣುತ್ತಿತ್ತು.

ಎದ್ದು ಬಂದದ್ದು ಅಮ್ಮ. ತನ್ನ ಅಣ್ಣನ ಎದುರು ಒಂದು ದಿನವೂ ಸ್ವರ ಎತ್ತದವರು. ಅವರು ಉಂಡ ಮೇಲೆ ಉಂಡು, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಜನ್ಮ ಕಳೆದವರು. ಒಳಗಿನಿಂದ ನಿಧಾನ ನಡೆದು ಬಂದು ಅಣ್ಣನ ಮುಂದೆ ನಿಂತರು. ಅವನ ಹೆಗಲಿನ ಬಿಳಿ ಶಾಲನ್ನು ತೆಗೆದು ಮಡಚಿ ತನ್ನ ಕಂಕುಳಲ್ಲಿಟ್ಟುಕೊಂಡರು.

‘ಈ ಮನೆ ನನ್ನದು,’ ಎಂದರು. ಮೈಕಿಲ್ಲದೆ ಹೇಳಿದರೂ ಎಲ್ಲರಿಗೂ ಕೇಳಿತು. ‘ಬಂದವರ ಎಲೆ ನಾನು ವಿಚಾರಿಸ್ತೇನೆ. ನೀನು ಎದ್ದು ಗಾಡಿಗೆ ಹತ್ತು.’

ಹತ್ತಿದ. ಅಳಿಯಕಟ್ಟಿನಲ್ಲಿ ಮನೆಯ ಒಡತಿ ಹಾಗೆ ಹೇಳಿದರೆ ಇಲ್ಲ ಎನ್ನಲು ಯಾವ ಯಜಮಾನನಿಗೂ ಅಧಿಕಾರವಿಲ್ಲ. ಅದು ಅಮ್ಮನಿಗೆ ಜೀವಮಾನವಿಡೀ ಗೊತ್ತಿತ್ತು. ಹದಿನೈದು ದಿನ ಮೊದಲು ಅದನ್ನು ಬಳಸಬಹುದಿತ್ತು ಎಂಬುದು ಈಗ ಅವರಿಗೆ ನನಗಿಂತ ಹೆಚ್ಚು ಗೊತ್ತಿದೆ. ಅದಕ್ಕೇ ನಾನು ಅವರೊಡನೆ ಆ ಮಾತು ಎತ್ತುವುದಿಲ್ಲ. ಆವತ್ತು ಕೊನೆಯ ಪಂಕ್ತಿಯವರೆಗೂ ಅಮ್ಮನೇ ಎಲೆಗಳ ನಡುವೆ ನಡೆದು, ಅನ್ನ ಬೇಕಾ, ಸಾರು ಬೇಕಾ ಎಂದು ವಿಚಾರಿಸಿದರಂತೆ. ಕೆಲವರು ಅರ್ಧಕ್ಕೇ ಎದ್ದು ಹೋದರಂತೆ. ಹೋಗಲಿ.

ಅಣ್ಣನ ರಿಪೋರ್ಟು ಅದೇ ಬಂತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರು ಮಾಡಿದರು. ಮೂರನೇ ದಿನ ಜ್ವರ ಬಿಟ್ಟಿತು. ಡಯಾಲಿಸಿಸ್ ಇಲ್ಲ, ನಳಿಗೆ ಇಲ್ಲ, ಕೈ ಕಟ್ಟಿಹಾಕಲಿಲ್ಲ. ವಾರ್ಡಿನಲ್ಲಿ ಕೂತು ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಿದ್ದ. ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿ, ಚೀಟಿ ಬರೆದು, ಮುಂದಿನ ಮಂಚಕ್ಕೆ ಹೋದರು. ಅವರಿಗೆ ಅದು ಆ ದಿನದ ಹತ್ತಾರು ಕೆಲಸಗಳಲ್ಲಿ ಒಂದು.

ಮನೆಗೆ ಕರೆತಂದ ದಿನ ಅಮ್ಮ ಕುಚ್ಚಲಕ್ಕಿ ಗಂಜಿ ಬಡಿಸಿದರು. ಅಣ್ಣ ಜಗಲಿಯಲ್ಲಿ ಕೂತು ಉಣ್ಣತೊಡಗಿದ. ಉಪ್ಪಿನಕಾಯಿ ಸಾಲದು ಎಂದು ಗೊಣಗಿದ, ಚಟ್ನಿ ಕೇಳಿದ, ಎರಡನೇ ಸಲ ಗಂಜಿ ಹಾಕಿಸಿಕೊಂಡ. ಬಾಗಿಲಿಗೆ ಒರಗಿ ಅದನ್ನು ನೋಡುತ್ತಿದ್ದ ನನಗೆ ಅವನು ಬದುಕಿದ ಸಂತೋಷ ಆಗಬೇಕಿತ್ತು. ಆಯಿತು ಕೂಡ. ಆದರೆ ಅದರ ಹಿಂದೆಯೇ ಎದೆಯಲ್ಲಿ ಎದ್ದದ್ದು ಸ್ಮಶಾನದಲ್ಲೂ ಏಳದಿದ್ದ ಸಿಟ್ಟು. ಇಷ್ಟು ಸುಲಭವಾ. ನಾಲ್ಕು ಇಂಜೆಕ್ಷನ್, ಒಂದು ಮಂಚ, ಅಂಗಳದಲ್ಲಿ ನಿಂತ ಕಾರು. ಇಷ್ಟೇ ಬೇಕಾಗಿದ್ದದ್ದು, ಮಾಮ. ನೀವೂ ಇಲ್ಲೇ ಕೂತು ಚಟ್ನಿ ಸಾಲದು ಎಂದು ಗೊಣಗಬಹುದಿತ್ತು.